14 ವರ್ಷದ ಮಗನಿಗೆ ಯಾರೋ ಮಾತಾಡಿದ ಹಾಗೆ ಕೇಳಿಸುತ್ತದಂತೆ. ಸ್ಕ್ಯಾನ್ ಮಾಡಿಸಿದರೆ ಸ್ಕಿಜೋಫ್ರೇನಿಯಾ ಹೌದೋ ಅಲ್ವೋ ಗೊತ್ತಾಗುತ್ತದಾ?

ಸಿರುಗುಪ್ಪ ಕಡೆಯವರು ಅಂತ ಬರೆದಿದ್ದೀರಿ. ಮಗ ಒಬ್ಬನೇ ನಗುತ್ತಾನೆ, ಶಾಲೆ ಬಿಟ್ಟಿದ್ದಾನೆ, ಮನೆಯವರು ಗಾಳಿ ಸೋಕಿದೆ ಅನ್ನುತ್ತಾರೆ ಅಂತಲೂ ಹೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಅಕ್ಕನ ಮಗಳಿಗೆ 16ರಲ್ಲಿ ಈ ಕಾಯಿಲೆ ಶುರುವಾಯಿತು. ಬಳ್ಳಾರಿಯಲ್ಲಿ ತೋರಿಸಲು ಅವಳ ಜೊತೆ ಓಡಾಡುವವನು ನಾನೇ.

ಸ್ಕ್ಯಾನ್‌ನಲ್ಲಿ ಇದು ಕಾಣಿಸುವುದಿಲ್ಲ. ಸ್ಕಿಜೋಫ್ರೇನಿಯಾ ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜ ಅಂತ ನಂಬಿಸುವ ಮಾನಸಿಕ ಕಾಯಿಲೆ. ರಕ್ತ, ಇಇಜಿ (ಮೆದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ), ಎಂಆರ್‌ಐ ಬರೆದುಕೊಡುವುದು ಫಿಟ್ಸ್, ಥೈರಾಯ್ಡ್, ಮೆದುಳಿನ ಉರಿಯೂತದಂಥ ಬೇರೆ ಕಾರಣ ಇದೆಯಾ ಅಂತ ನೋಡಲು. ಗಾಂಜಾದಿಂದಲೂ ಹೀಗಾಗಬಹುದು, ಆ ವಿಷಯವನ್ನು ಡಾಕ್ಟರೇ ಅವನೊಬ್ಬನನ್ನೇ ಕೂರಿಸಿಕೊಂಡು ಕೇಳಲಿ, ನಿಮ್ಮೆದುರು ಬಾಯಿ ಬಿಡಲಿಕ್ಕಿಲ್ಲ. ಉಳಿದದ್ದು ಮಾತಿನಿಂದಲೇ ತಿಳಿಯಬೇಕು. ನಿದ್ದೆ ಯಾವಾಗ ಕೆಟ್ಟಿತು, ಮಾರ್ಕ್ಸ್ ಯಾವಾಗ ಇಳಿಯಿತು, ಗೆಳೆಯರನ್ನು ಯಾವಾಗ ಬಿಟ್ಟ, ಎಲ್ಲ ಬರೆದುಕೊಂಡು ಹೋಗಿ. ಸ್ಕ್ಯಾನ್‌ಗಿಂತ ಆ ಹಾಳೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

13ಕ್ಕಿಂತ ಮುಂಚೆ ಈ ಕಾಯಿಲೆ ತುಂಬಾ ಅಪರೂಪ, ಹದಿಹರೆಯದಲ್ಲಿ ಹೆಚ್ಚುತ್ತಾ ಹೋಗುತ್ತದೆ. ಹಾಗಂತ ದನಿ ಕೇಳಿಸಿದ ಮಕ್ಕಳಿಗೆಲ್ಲ ಇದೇ ಅಲ್ಲ. ಖಿನ್ನತೆಯಲ್ಲೂ, ಅತಿ ಉತ್ಸಾಹ ಮತ್ತು ಖಿನ್ನತೆ ಬಂದು ಹೋಗುವ ಬೈಪೋಲಾರ್‌ನಲ್ಲೂ ಕೇಳಿಸಬಹುದು. ಡಾಕ್ಟರ್ ಮೊದಲ ದಿನ ಬರೀ 'ಸೈಕೋಸಿಸ್' (ನಿಜ ಯಾವುದು, ಭ್ರಮೆ ಯಾವುದು ತಿಳಿಯದ ಸ್ಥಿತಿ) ಅಂತ ಬರೆದರೆ ಬೇಜಾರಾಗಬೇಡಿ. ಮಾನಸಿಕ ಕಾಯಿಲೆ ಗುರುತಿಸಲು ಅಮೆರಿಕದವರು ಮಾಡಿದ ಕೈಪಿಡಿ ಡಿಎಸ್‌ಎಂ ಪ್ರಕಾರ ಸ್ಕಿಜೋಫ್ರೇನಿಯಾ ಅನ್ನಲು 6 ತಿಂಗಳಾದರೂ ಲಕ್ಷಣ ಇರಬೇಕು. ಆದರೆ ಚಿಕಿತ್ಸೆ ಅಷ್ಟು ದಿನ ಕಾಯಬೇಕಿಲ್ಲ.

ಸಾಮಾನ್ಯವಾಗಿ ರಿಸ್ಪೆರಿಡೋನ್, ಅರಿಪಿಪ್ರಜೋಲ್‌ನಂಥ ಮಾತ್ರೆ ಕೊಡುತ್ತಾರೆ, ಕಡಿಮೆ ಡೋಸ್‌ನಿಂದ ಶುರು. ಮಕ್ಕಳಲ್ಲಿ ತೂಕ ಬೇಗ ಏರುತ್ತದೆ, ಸಕ್ಕರೆ ಅಂಶವನ್ನೂ ನೋಡಿಸುತ್ತಿರಬೇಕು. ನಮ್ಮ ಹುಡುಗಿಗೆ ಹಸಿವು ತಡೆಯಲು ಆಗುತ್ತಿರಲಿಲ್ಲ. ಹೇಳಿದ್ದಕ್ಕೆ ಡಾಕ್ಟರ್ ಮಾತ್ರೆ ಬದಲಿಸಿದರು. ಹುಷಾರಾದ ಅಂತ ನೀವೇ ಸುಮ್ನೆ ನಿಲ್ಲಿಸಬೇಡಿ, ಮರುಕಳಿಸುತ್ತದೆ. ಶಾಲೆಗೆ ನಿಧಾನವಾಗಿ, ಅರ್ಧ ದಿನದಿಂದ ಕಳಿಸಿ.

ಹುಲಿಗೆಮ್ಮನಿಗೆ ಹರಕೆ ಇದ್ದರೆ ಹೋಗಿ ಬನ್ನಿ, ಬೇಡ ಅನ್ನುವುದಿಲ್ಲ. ಉಪವಾಸ ಕೆಡವುವುದು, ಹೊಗೆ ಹಾಕುವುದು, ಕಟ್ಟಿಹಾಕುವುದು ಮಾತ್ರ ಬೇಡವೇ ಬೇಡ. ಅಂದಹಾಗೆ, 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್‌ಗಳಿಗೇ ಮಾನಸಿಕ ಕಾಯಿಲೆ ನೋಡುವ ತರಬೇತಿ ಕೊಟ್ಟು ಪ್ರಯೋಗ ಮಾಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ದೇಶಕ್ಕೆ ದಾರಿ ತೋರಿಸಿದ ಜಿಲ್ಲೆಯವರು ನಾವೇ ಗಾಳಿ ಅಂತ ಕೂತರೆ ಹೇಗೆ, ಅಲ್ವಾ?

ಆಸ್ಪತ್ರೆಗೆ ಹೋಗುವ ಮುಂಚೆ ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

'ಸಾಯಿ ಅಂತ ಹೇಳುತ್ತಿದ್ದಾರೆ' ಅಂತ ಮಗ ಅಂದರೆ ಬೆಳಗಾಗುವವರೆಗೆ ಕಾಯದೆ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಭತ್ತಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಇವತ್ತೇ ಬೇರೆ ಕಡೆ ಸಾಗಿಸಿ.