ಐದು ಕವಲಿನ ಸ್ಟ್ಯಾಂಡ್ ಗೊಂಬೆಗಳ ನಡುವೆ ಬೇಡ

ಪ್ರಶ್ನೆ: ನಮ್ಮ ಮಾವನವರು ಹಿಂದೆ ಯಾವುದೋ ಬಂಗಲೆಯ ಹರಾಜಿನಲ್ಲಿ ಕೊಂಡಿದ್ದ ಐದು ಕವಲಿನ ಮೇಣದಬತ್ತಿ ಸ್ಟ್ಯಾಂಡ್ ಬೀರುವಿನಲ್ಲಿ ಸಿಕ್ಕಿತು. ಮೊಳದೆತ್ತರ ಇದೆ, ಕಪ್ಪಾಗಿದೆ. ಅಡಿಯಲ್ಲಿ ‘ಇ.ಪಿ.ಎನ್.ಎಸ್.’ ಎಂಬ ಮುದ್ರೆ. ಬೆಳ್ಳಿಯೇ? ಈ ದಸರೆಗೆ ಗೊಂಬೆಗಳ ನಡುವೆ ಹಚ್ಚಿಡಬಹುದೇ?
– ಓದುಗರು, ಸರಸ್ವತೀಪುರಂ, ಮೈಸೂರು

ಉತ್ತರ: ಬೆಳ್ಳಿಯ ಲೇಪ ಮಾತ್ರ. ಆ ಮುದ್ರೆ ‘ಎಲೆಕ್ಟ್ರೋ ಪ್ಲೇಟೆಡ್ ನಿಕ್ಕಲ್ ಸಿಲ್ವರ್’ ಎಂಬುದರ ಚುಟುಕು. ಒಳಗಿರುವುದು ತಾಮ್ರ, ನಿಕ್ಕಲ್, ಸತು ಬೆರೆಸಿದ ಲೋಹ. ಅದಕ್ಕೆ ವಿದ್ಯುತ್ತಿನಿಂದ ಬೆಳ್ಳಿ ಹಿಡಿಸಿದ್ದಾರೆ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ನರು 1840ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ, ಗಟ್ಟಿ ಬೆಳ್ಳಿ ಕೊಳ್ಳಲಾಗದ ಮನೆಗಳ ಮೇಜಿಗೂ ಇಂಥವು ಬಂದವು. ಚಿನಿವಾರರ ತಕ್ಕಡಿಗೆ ಹಾಕಿ ಬೇಸರಪಡಬೇಡಿ.

ಹುಣಸೆಹಣ್ಣು, ಸಬೀನಾ ಪುಡಿ, ತೆಂಗಿನ ನಾರು ನಿಮ್ಮ ಹಿತ್ತಾಳೆ ದೀಪಗಳಿಗಿರಲಿ. ಇಲ್ಲಿ ಲೇಪ ತೆಳು. ಉಜ್ಜಿದಷ್ಟೂ ಸವೆದು ಒಳಗಿನ ಲೋಹ ಮಾಸಲು ಹಳದಿಯಾಗಿ ಇಣುಕುತ್ತದೆ. ಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ಸೋಪು, ಹಳೆಯ ಪಂಚೆಯ ತುಂಡು ಸಾಕು. ತೊಳೆದ ಕೂಡಲೇ ಒರೆಸಿ ಒಣಗಿಸಿ. ಕೆತ್ತನೆಯ ಸಂದಿಯಲ್ಲಿ ಉಳಿದ ಕಪ್ಪನ್ನು ಸೂಜಿ ಹಾಕಿ ಕೆರೆಯಬೇಡಿ. ಆ ಕಪ್ಪು ಇದ್ದರೇ ಬಳ್ಳಿ, ಎಲೆ ಎದ್ದು ಕಾಣುವುದು.

ಇನ್ನು ಗೊಂಬೆಗಳ ನಡುವೆ? ಬೇಡ. ನೀವು ಮುನಿಸಿಕೊಂಡರೂ ಇದೇ ಉತ್ತರ. ಪಟ್ಟದ ಗೊಂಬೆಗೆ ಜರಿ ಸೀರೆ ಉಡಿಸಿರುತ್ತೀರಿ, ಪಕ್ಕದಲ್ಲಿ ಬಣ್ಣದ ಕಾಗದದ ತೋರಣ, ಅರಗಿನ ಬಣ್ಣದ ಚನ್ನಪಟ್ಟಣದ ಬೊಂಬೆ. ಅರಗು ಬಿಸಿಗೆ ಕರಗುವ ವಸ್ತು. ಸಾಲದ್ದಕ್ಕೆ ಸಂಜೆಯಾದರೆ ‘ಗೊಂಬೆ ಕೂರಿಸಿದ್ದೀರಾ?’ ಎಂದು ಬರುವ ಮಕ್ಕಳು. ಬೊಂಬೆ ಬಾಗಿನದ ತಟ್ಟೆಗೆ ಚಾಚಿದ ಕೈ ಐದು ಉರಿಗಳನ್ನು ದಾಟಿ ಹೋಗಬೇಕೆ?

ಊಟದ ಮೇಜಿನ ನಡುವೆ ಇಡಿ. ಮೊಳದೆತ್ತರವಾದ್ದರಿಂದ ಕುಳಿತವರ ಕಣ್ಣಿಗೆ ಉರಿ ಹೊಡೆಯುವುದಿಲ್ಲ. ಗೋಡೆಗನ್ನಡಿಯ ಮುಂದೆ ಇಟ್ಟರೆ ಇನ್ನೂ ಚೆನ್ನ: ವಿದ್ಯುತ್ ಇಲ್ಲದ ಕಾಲದ ಯೂರೋಪಿನಲ್ಲಿ ಬೆಳಕು ಇಮ್ಮಡಿಸಲು ಹಾಗೆಯೇ ಇಡುತ್ತಿದ್ದರು. ಫ್ಯಾನ್ ನಿಲ್ಲಿಸಿ. ಗಾಳಿಗೆ ಉರಿ ವಾಲಿತೆಂದರೆ ಬತ್ತಿಯ ಒಂದೇ ಮಗ್ಗುಲು ಕರಗಿ ಮೇಣ ಸುರಿಯುತ್ತದೆ. ಬತ್ತಿಯ ಬುಡ ಕವಲಿನ ತುದಿಯ ಬಟ್ಟಲಿಗೆ ಹಿಡಿಯದಿದ್ದರೆ ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದಾಗ ಒತ್ತಿ ನಿಲ್ಲಿಸಿ. ಕಾಗದ ಸುತ್ತಿ ತುರುಕಬೇಡಿ. ಬತ್ತಿ ತಗ್ಗಿದಾಗ ಅದೂ ಹತ್ತಿಕೊಳ್ಳುತ್ತದೆ.

ಪ್ರಶ್ನೆ: ಮೇಣದಬತ್ತಿ ಸ್ಟ್ಯಾಂಡಿನ ಬಟ್ಟಲಲ್ಲಿ, ಮೇಜಿನ ಹತ್ತಿಯ ಹಾಸಿನ ಮೇಲೆ ಮೇಣ ಗಟ್ಟಿಯಾಗಿದೆ. ತೆಗೆಯುವುದು ಹೇಗೆ?
– ಓದುಗರು, ಮಂಡ್ಯ

ಉತ್ತರ: ಹಾಸಿನ ಮೇಲೆ ಮಂಜುಗಡ್ಡೆ ಇಟ್ಟು, ಬಿರುಸಾದ ಮೇಣವನ್ನು ಚಮಚದ ಬೆನ್ನಿನಿಂದ ಎಬ್ಬಿಸಿ. ಉಳಿದ ಕಲೆಯ ಮೇಲೂ ಕೆಳಗೂ ಅಚ್ಚಿಲ್ಲದ ಕಾಗದವಿಟ್ಟು ಹದವಾದ ಇಸ್ತ್ರಿ ಹಾಯಿಸಿ. ಮೇಣವನ್ನು ಕಾಗದ ಹೀರಿಕೊಳ್ಳುತ್ತದೆ. ಬಟ್ಟಲನ್ನು ಬಿಸಿನೀರಿನಿಂದ ಮೆತ್ತಗೆ ಮಾಡಿ ಬಟ್ಟೆಯಿಂದ ಒರೆಸಿ. ಆ ನೀರನ್ನು ಸಿಂಕಿಗೆ ಸುರಿದರೆ ಪ್ಲಂಬರನ್ನು ಕರೆಯಬೇಕಾದೀತು.

ಪ್ರಶ್ನೆ: ಇಂಥ ಸ್ಟ್ಯಾಂಡಿಗೆ ಬ್ಯಾಟರಿ ಬತ್ತಿ ಹಾಕಿದರೆ ಅಂದ ಕೆಡುತ್ತದೆಯೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಹಗಲಿನಲ್ಲಿ ಕೆಡುತ್ತದೆ, ರಾತ್ರಿ ಅಷ್ಟಾಗಿ ತಿಳಿಯದು. ಗೊಂಬೆಗಳ ಪಕ್ಕಕ್ಕಂತೂ ಅದೇ ಸರಿ. ಕೆಂಪು, ನೀಲಿ, ಹಸಿರು ಎಂದು ಬಣ್ಣ ಬದಲಾಯಿಸುವುದನ್ನು ಮಾತ್ರ ಕೊಳ್ಳಬೇಡಿ. ಹಬ್ಬ ಮುಗಿದ ಮೇಲೆ ಸೆಲ್ ತೆಗೆದಿಡಿ, ಒಳಗೇ ಬಿಟ್ಟರೆ ಸೋರುತ್ತದೆ.