ಅಲ್ಜೀರಿಯಾದಲ್ಲಿ ಫ್ರೆಂಚರ ಯುದ್ಧದ ರೀತಿಯನ್ನು ಮಾರ್ಷಲ್ ಬ್ಯೂಜೋ ಹೇಗೆ ಬದಲಿಸಿದ?

ಶತ್ರುವಿನ ಸೈನ್ಯದ ಬೆನ್ನು ಹತ್ತುವುದಕ್ಕಿಂತ, ಆ ಸೈನ್ಯಕ್ಕೆ ಅನ್ನ ಹಾಕುವ ಜನರ ಹೊಟ್ಟೆಗೆ ಹೊಡೆಯುವುದೇ ಅವನ ದಾರಿಯಾಗಿತ್ತು.

1830ರಲ್ಲಿ ಫ್ರಾನ್ಸ್ ಅಲ್ಜಿಯರ್ಸ್ ನಗರವನ್ನೇನೋ ಹಿಡಿಯಿತು. ಹತ್ತು ವರ್ಷವಾದರೂ ಒಳನಾಡು ಮಾತ್ರ ಕೈಗೆ ಬರಲಿಲ್ಲ. ಫ್ರೆಂಚರು ಹೊರಟರೆ ಹಿಂದೆ ಫಿರಂಗಿ, ಸಾಮಾನಿನ ಗಾಡಿ. ಫ್ರೆಂಚರ ವಿರುದ್ಧ ಎದ್ದ ಬುಡಕಟ್ಟುಗಳ ನಾಯಕ ಅಮೀರ್ ಅಬ್ದುಲ್ ಖಾದಿರ್‌ನ ಕುದುರೆ ಸವಾರರು ಬಂದು ಹೊಡೆದು ಮಾಯವಾಗುತ್ತಿದ್ದರು.

ಬ್ಯೂಜೋಗೆ ಇದು ಹೊಸದಲ್ಲ. ನೆಪೋಲಿಯನ್ ಕಾಲದಲ್ಲಿ ಸ್ಪೇನಿನ ಗೆರಿಲ್ಲಾಗಳ ವಿರುದ್ಧ ಹೋರಾಡಿ ಪಳಗಿದ್ದ. 1841ರಲ್ಲಿ ಗವರ್ನರ್ ಜನರಲ್ ಆಗಿ ಬಂದವನು ಭಾರದ ಫಿರಂಗಿ, ಗಾಡಿಗಳನ್ನು ಬಿಡಿಸಿದ. ಸಾಮಾನನ್ನು ಹೇಸರಗತ್ತೆಗಳ ಮೇಲೆ ಹೇರಿಸಿ, ಸೈನಿಕರ ಬೆನ್ನಿನ ಹೊರೆಯನ್ನೂ ಇಳಿಸಿದ. ಆಮೇಲೆ ಶುರುವಾಗಿದ್ದು 'ರಜ್ಜಿಯಾ', ಅಂದರೆ ಹಠಾತ್ ದಾಳಿ. ಪೈರಿಗೆ ಬೆಂಕಿ ಹಚ್ಚುವುದು, ನೆಲದಡಿಯ ಹಗೇವುಗಳನ್ನು ಹುಡುಕಿ ಧಾನ್ಯ ದೋಚುವುದು, ಕುರಿ-ದನಗಳನ್ನು ಹೊಡೆದುಕೊಂಡು ಹೋಗುವುದು. ಸವಾರ ತಪ್ಪಿಸಿಕೊಳ್ಳಬಹುದು, ನಿಂತ ಪೈರು ಎಲ್ಲಿಗೆ ಓಡೀತು? ಹಸಿದ ಬುಡಕಟ್ಟುಗಳು ಒಂದೊಂದಾಗಿ ಅಮೀರನ ಕೈಬಿಟ್ಟವು. 1847ರಲ್ಲಿ ಅವನೂ ಶರಣಾದ.

ಇದನ್ನು ಸುಮ್ನೆ 'ಜಾಣ ತಂತ್ರ' ಅನ್ನುವವರು ಜಾಸ್ತಿ. ನನಗಂತೂ ಹಾಗೆ ಹೇಳಲು ಮನಸ್ಸು ಬರುವುದಿಲ್ಲ. 1845ರಲ್ಲಿ ದಹ್ರಾ ಬೆಟ್ಟದ ಗುಹೆಯೊಂದರಲ್ಲಿ ಅಡಗಿದ್ದ ನೂರಾರು ಜನರನ್ನು, ಹೆಂಗಸರು ಮಕ್ಕಳೆನ್ನದೆ, ಗುಹೆಯ ಬಾಯಲ್ಲಿ ಬೆಂಕಿ ಹಾಕಿ ಹೊಗೆಯಲ್ಲೇ ಕೊಂದರು. ಹಾಗೆ ಮಾಡಿಸಿದ ಕರ್ನಲ್‌ನನ್ನು ಬ್ಯೂಜೋ ಸಮರ್ಥಿಸಿಕೊಂಡ.

ಅವನ ವಿಧಾನ ಫ್ರಾನ್ಸಿಗಷ್ಟೇ ಸೀಮಿತವಾಗಲಿಲ್ಲ. ಬ್ರಿಟಿಷ್ ಅಧಿಕಾರಿ ಕಾಲ್‌ವೆಲ್ 1896ರಲ್ಲಿ ವಸಾಹತು ಯುದ್ಧಗಳ ಬಗ್ಗೆ ಬರೆದ ಕೈಪಿಡಿಯಲ್ಲೂ ಬ್ಯೂಜೋನ ಉದಾಹರಣೆಗಳಿವೆ.