ಮುದ್ದೆ ಗಂಟು ಕಟ್ಟದಿರಲು

ಎಸರಿಗೆ ಹಿಟ್ಟು ಹಾಕಿದ ಕೂಡಲೇ ಜೋರಾಗಿ ತಿರುವಿದರೂ ರಾಗಿ ಮುದ್ದೆ ಗಂಟು ಗಂಟಾಗುತ್ತದೆ, ಒಳಗೆ ಹಸಿ ಹಿಟ್ಟು ಸಿಗುತ್ತದೆ ಅಂತ ಕೇಳಿದ್ದೀರಿ. ನೀವು ಅವಸರ ಮಾಡುತ್ತಿದ್ದೀರಿ, ಅಷ್ಟೇ. ಹಾಕಿದ ಕೂಡಲೇ ತಿರುವಬಾರದು.

1 ಲೋಟ ಹಿಟ್ಟಿಗೆ 2 ಲೋಟ ನೀರು ಇಡಿ. ಅದರಲ್ಲೇ 1 ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸೇರಿಸಿ, ಚಿಟಿಕೆ ಉಪ್ಪು ಹಾಕಿ. ನೀರು ಸುಮ್ನೆ ಬಿಸಿಯಾದರೆ ಸಾಲದು, ಕೊತಕೊತ ಕುದಿಯಬೇಕು. ಆಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಮಧ್ಯೆ ಒಂದು ತೂತು ಮಾಡಿ. ಉರಿ ಸಣ್ಣ ಮಾಡಿ 4-5 ನಿಮಿಷ ಹಾಗೇ ಬಿಡಿ. ನೀರು ಹಿಟ್ಟಿನ ಮೇಲೆ ಉಕ್ಕಿ ಬರುತ್ತಿರುತ್ತದೆ. ಹಿಟ್ಟು ಬೇಯುವುದು ಆಗಲೇ. ನಮ್ಮಮ್ಮ ಈ ಹೊತ್ತಿನಲ್ಲಿ ಯಾರನ್ನೂ ಒಲೆ ಹತ್ತಿರ ಬಿಡುತ್ತಿರಲಿಲ್ಲ!

ಆಮೇಲೆ ಪಾತ್ರೆ ಇಳಿಸಿ, ಬಟ್ಟೆಯಿಂದ ಭದ್ರವಾಗಿ ಹಿಡಿದುಕೊಳ್ಳಿ. ಕೋಲಿನಿಂದ ಹಿಟ್ಟನ್ನು ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ತಿರುವಿ. ಸುತ್ತಿಸಿದರೆ ಗಂಟು ಒಡೆಯುವುದಿಲ್ಲ, ಒತ್ತಿದರೆ ಒಡೆಯುತ್ತದೆ. ಗಟ್ಟಿ ಅನಿಸಿದರೆ ಬಿಸಿನೀರು ಚಿಮುಕಿಸಿ, ತಣ್ಣೀರು ಬೇಡ. ಮತ್ತೆ ಮುಚ್ಚಿ 2 ನಿಮಿಷ ಸಣ್ಣ ಉರಿಯಲ್ಲಿಡಿ. ಒದ್ದೆ ಕೈಯಲ್ಲಿ ಮುಟ್ಟಿದರೆ ಅಂಟಬಾರದು, ಅದೇ ಬೆಂದ ಗುರುತು. ಒದ್ದೆ ತಟ್ಟೆಯ ಮೇಲೆ ಬಿಸಿಯಿರುವಾಗಲೇ ಉಂಡೆ ಕಟ್ಟಿ.

ಕೋಲು ಇಲ್ಲದಿದ್ದರೆ ಚಪಾತಿ ಲಟ್ಟಣಿಗೆ ಸಾಕು. ಚಮಚದಲ್ಲಿ ಮಾತ್ರ ಆಗುವುದಿಲ್ಲ. ಜೊತೆಗೆ ಹುರುಳಿಕಾಳಿನ ಬಸ್ಸಾರು ಮಾಡಿ, ಮೇಲೆ ಒಂದು ಚಮಚ ತುಪ್ಪ. ಸಾರು ಸ್ವಲ್ಪ ಜಾಸ್ತಿಯೇ ಇರಲಿ.